ಮುಂದಿಟ್ಟ ಕಾಲು

ಕೊರಿಯಾದಿಂದ ಬಂದು ಐದು ತಿಂಗಳಾಯಿತು. ಈಗಲೂ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತಾಗ ನನ್ನ ಎಡಗಾಲು ನನ್ನನ್ನು ಕೇಳದೆ ಅರ್ಧ ಹೆಜ್ಜೆ ಮುಂದೆ ಹೋಗುತ್ತದೆ. ಮಂಡಿ ಸಣ್ಣಗೆ ಕುಸಿದು ಮೇಲೇಳುತ್ತದೆ, ಕಾಲು ಹಿಂದಕ್ಕೆ ಬರುತ್ತದೆ. ಬೂತಿನವರು ಒಂದು ದಿನ ‘ಯಾಕೆ ಸಾರ್, ವಾಯುವಾ?’ ಎಂದು ಕೇಳಿಯೇಬಿಟ್ಟರು. ವಾಯುವಲ್ಲ. ಚುಂಗ್ಜು ಎಂಬ ಊರಿನಲ್ಲಿ ಒಂದು ಮಧ್ಯಾಹ್ನ ಕಾಲಿಗೆ ಹತ್ತಿಕೊಂಡ ಗೀಳು. ಕಾಲಿನದು ಹೇಗೋ ಹೋದೀತು. ಅದೇ ಮಧ್ಯಾಹ್ನ ಅಲ್ಲಿನ ಗುರುಗಳು ಕೇಳಿದ ಪ್ರಶ್ನೆಯೊಂದು ಮಾತ್ರ ಹೋಗುವ ಹಾಗೆ ಕಾಣುವುದಿಲ್ಲ.

ನಾನು ಹೋದದ್ದು ತೆಕ್ಕ್ಯೊನ್ ಎಂಬ ಹಳೆಯ ಕಾಲಾಟದ ಮೂಲ ಹುಡುಕಿಕೊಂಡು. ನಮ್ಮಜ್ಜ ಮೈಸೂರಿನ ಗರಡಿಯೊಂದರ ಮಣ್ಣಿನಲ್ಲಿ ಬೆಳೆದವರು. ಯಾವ ಪಟ್ಟನ್ನು ಯಾರು ಮೊದಲು ಹಾಕಿದರು ಎಂದು ಯಾರಾದರೂ ಕೇಳಿದರೆ ‘ನದಿ ಮೂಲ, ಋಷಿ ಮೂಲ ಹುಡುಕಬಾರದು, ಹೋಗಿ ಬಸ್ಕಿ ಹೊಡಿ’ ಎನ್ನುತ್ತಿದ್ದರು. ನಾನು ಬಸ್ಕಿಯನ್ನೂ ಹೊಡೆಯಲಿಲ್ಲ, ಮಾತನ್ನೂ ಕೇಳಲಿಲ್ಲ.

ಇದೆಲ್ಲ ಶುರುವಾದದ್ದು ತಂಗಿಯ ಮಗಳ ಟೇಕ್ವಾಂಡೋ ಸರ್ಟಿಫಿಕೇಟಿನಿಂದ. ಹಳದಿ ಬೆಲ್ಟಿನ ಜೊತೆ ಕೊಟ್ಟಿದ್ದ ಆ ಕಾಗದದ ಹಿಂದೆ ಈ ವಿದ್ಯೆಗೆ 2000 ವರ್ಷಗಳ ಇತಿಹಾಸವಿದೆ ಎಂದು ಅಚ್ಚಾಗಿತ್ತು. ಎರಡು ಸಾವಿರ ಎಂದರೆ ನನಗೆ ಯಾವಾಗಲೂ ಅನುಮಾನ. ಓದುತ್ತಾ ಹೋದಂತೆ ಟೇಕ್ವಾಂಡೋ ಎಂಬ ಹೆಸರೇ 1955ರದೆಂದು ಗೊತ್ತಾಯಿತು. ಹೆಸರಿಟ್ಟವರು ಚೊಯ್ ಹಾಂಗ್ ಹಿ ಎಂಬ ಸೇನಾಧಿಕಾರಿ. ಅವರು ಮೊದಲು ಕಲಿತದ್ದು ಜಪಾನಿನಲ್ಲಿ, ಕರಾಟೆ. ಜಪಾನೀಯರ ಆಳ್ವಿಕೆಯಿಂದ ಬಿಡುಗಡೆಯಾದ ದೇಶಕ್ಕೆ ತನ್ನದೇ ಎನ್ನಬಹುದಾದ ಒಂದು ಕಾಳಗವಿದ್ಯೆ ಬೇಕಿತ್ತು. ಹಳೆಯ ತೆಕ್ಕ್ಯೊನ್ ಕಿವಿಗೆ ಬೀಳುವ ಹಾಗೆ ಹೆಸರು ಹುಡುಕಿದರು. ಮಗುವಿಗೆ ತಾತನ ಹೆಸರಿಡುವುದು ನಮ್ಮಲ್ಲೂ ಇದೆ. ಇಲ್ಲಿ ತಾತ ಇನ್ನೂ ಬದುಕಿದ್ದರು, ಮಗು ಅವರ ಮನೆಯದಲ್ಲ, ಅಷ್ಟೇ.

ಹಾಗಾದರೆ ಆ ತಾತ ಯಾರು? ಅದೃಷ್ಟಕ್ಕೆ ಇದಕ್ಕೆ ಉತ್ತರವಿದೆ, ವಿಳಾಸವೂ ಇದೆ. ಸೋಂಗ್ ದೊಕ್ ಗಿ. ಹುಟ್ಟಿದ್ದು 1893ರಲ್ಲಿ, ರಾಜಧಾನಿ ಸೋಲ್‌ನ ಸಾಜಿಕ್ ದೋಂಗ್ ಎಂಬ ಕೇರಿಯಲ್ಲಿ.

‘ಸೋಲ್‌ಗೆ ಹೋಗ್ತೀನಿ’ ಎಂದಾಗ ಅಮ್ಮ, ‘ಪೈಲ್ವಾನರ ಮೊಮ್ಮಗ, ಊರಿನ ಹೆಸರೇ ಸೋಲು, ನೋಡ್ಕೊಂಡು ಹೋಗು’ ಎಂದಳು. ಜೊತೆಗೆ ಸಿಕ್ಕವನು ಸುವಾನ್‌ನಲ್ಲಿ ಕೆಲಸ ಮಾಡುವ ಹಾಸನದ ಗೆಳೆಯ. ಅಲ್ಲಿ ಹನ್ನೊಂದು ವರ್ಷ ಕಳೆದವನು, ಕೊರಿಯನ್ ಭಾಷೆಯನ್ನು ಹಾಸನದ ಎಳೆತದಲ್ಲಿ ಮಾತಾಡುತ್ತಾನೆ. ನನ್ನ ಪ್ರಶ್ನೆ ಅರ್ಧ ನಿಮಿಷದ್ದಾದರೆ ಅವನ ಅನುವಾದ ಎರಡು ಸೆಕೆಂಡಿನದು. ಏನು ಬಿಟ್ಟೆಯೋ ಎಂದರೆ ‘ಬೇಡದ್ದನ್ನು’ ಎನ್ನುತ್ತಾನೆ.

ಸಾಜಿಕ್ ದೋಂಗ್‌ಗೆ ಆ ಹೆಸರು ಬಂದದ್ದು ಅಲ್ಲಿರುವ ಸಾಜಿಕ್‌ದಾನ್ ಎಂಬ ಜಗಲಿಯಿಂದ. ಜೊಸೊನ್ ವಂಶದ ಅರಸರು ಭೂಮಿಗೂ ಬೆಳೆಗೂ ಪೂಜೆ ಸಲ್ಲಿಸುತ್ತಿದ್ದ ಜಾಗ. ಗುಡಿಯಿಲ್ಲ, ಗೋಪುರವಿಲ್ಲ, ಮೂರ್ತಿಯಿಲ್ಲ. ಗೋಡೆಯೊಳಗೆ ಕಲ್ಲು ಕಟ್ಟಿದ ಎರಡು ಚೌಕ ಜಗಲಿಗಳು, ಮೇಲೆ ಬರಿಯ ಮಣ್ಣು. ಗರಡಿಮನೆಯ ಮಣ್ಣಿಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದು ಇಳಿಯುವವರನ್ನು ಕಂಡು ಬೆಳೆದವನಿಗೆ ಮಣ್ಣಿಗೇ ಪೂಜೆ ಎಂಬುದು ವಿಚಿತ್ರವೆನಿಸಲಿಲ್ಲ. ಪಕ್ಕದಲ್ಲೇ ಏರುದಾರಿ. ಅಕ್ಟೋಬರಿನ ಗಾಳಿಗೆ ಗಿಂಕ್ಗೊ ಮರಗಳ ಹಣ್ಣು ಉದುರಿ ಕಾಲಡಿ ಸಿಕ್ಕಿ ನಾರುತ್ತಿದ್ದವು. ಎಲೆ ನೋಡಿದರೆ ಬಂಗಾರ, ಹಣ್ಣು ಮೂಸಿದರೆ ಚರಂಡಿ. ಏರು ಮುಗಿಯುವಲ್ಲಿ, ಇನ್ವಾಂಗ್ ಬೆಟ್ಟದ ಬಂಡೆಗಳ ಬುಡದಲ್ಲಿ, ಹ್ವಾಂಗ್‌ಹಾಕ್‌ಜೊಂಗ್ ಎಂಬ ಬಿಲ್ಲುಗಾರರ ಮಂಟಪ. ಕೊಜೊಂಗ್ ಅರಸನ ಕಾಲದಲ್ಲಿ ಅರಮನೆಯೊಂದರ ಒಳಗೆ ಕಟ್ಟಿದ್ದನ್ನು 1922ರಲ್ಲಿ ಇಲ್ಲಿಗೆ ತಂದು ನಿಲ್ಲಿಸಿದರಂತೆ.

ಅಲ್ಲಿ ಹತ್ತು ಹನ್ನೆರಡು ಜನ, ಹೆಚ್ಚಿನವರು ನಿವೃತ್ತರು, ಸಾಲಾಗಿ ನಿಂತು ಬಾಣ ಬಿಡುತ್ತಿದ್ದರು. ಗುರಿಹಲಗೆ 145 ಮೀಟರ್ ದೂರದಲ್ಲಿ, ಕಣಿವೆಯಂಥ ತಗ್ಗಿನ ಆಚೆ. ಬಿಟ್ಟ ಬಾಣ ಕಣ್ಣಿಗೆ ಕಾಣದು. ಕೈ ಖಾಲಿಯಾದ ಮೇಲೆ ಎಲ್ಲರೂ ಏನನ್ನೋ ನೆನಪಿಸಿಕೊಳ್ಳುವವರಂತೆ ಸುಮ್ಮನೆ ನಿಂತಿರುತ್ತಾರೆ. ಆಮೇಲೆ ದೂರದಿಂದ ಹಲಗೆಯ ‘ಟಕ್’. ನನ್ನ ಗೆಳೆಯ ಒಬ್ಬ ಹಿರಿಯರನ್ನು ಮಾತಿಗೆಳೆದ. ಅವರು ಬಿಲ್ಲಿನ ಒಳಬದಿಯ ಕಪ್ಪು ಪಟ್ಟಿಯನ್ನು ತೋರಿಸಿ, ಇದು ಎಮ್ಮೆಯ ಕೊಂಬು, ನಮ್ಮಲ್ಲಿ ಅಂಥ ಎಮ್ಮೆ ಇಲ್ಲ, ಹಿಂದಿನಿಂದಲೂ ತೆಂಕಣ ದೇಶಗಳಿಂದ ಬರಬೇಕು ಎಂದರು. ನಾನು ತೆಂಕಣದವನೆಂದು ಗೊತ್ತಾದ ಮೇಲೆ ನನ್ನನ್ನು ಕೊಂಬಿನ ನೆಂಟ ಎನ್ನುವ ಹಾಗೆ ನೋಡಿದರು.

ಸೋಂಗ್ ತಾತ ಇಲ್ಲಿಗೆ ಬರುತ್ತಿದ್ದರು. ತೆಕ್ಕ್ಯೊನ್‌ನವರು ಅವರನ್ನು ಕಾಲಿನ ಗುರು ಎಂದು ನೆನೆದರೆ ಇಲ್ಲಿಯವರಿಗೆ ಅವರೊಬ್ಬ ಬಿಲ್ಲುಗಾರ. ‘ಅವರನ್ನು ನೋಡಿದ್ದೀರಾ?’ ಎಂದೆ. ಚಿಕ್ಕಂದಿನಲ್ಲಿ ನೋಡಿದ್ದೆ ಎಂದರು ಹಿರಿಯರು. ‘ಒದೆಯುವುದನ್ನು?’ ಇಲ್ಲ. ಬಿಲ್ಲು ಹಿಡಿದಿದ್ದನ್ನು ನೋಡಿದ್ದೇನೆ, ಒದೆಯುವುದನ್ನು ನೋಡಿಲ್ಲ. ಸ್ವಲ್ಪ ತಡೆದು ಸೇರಿಸಿದರು, ‘ಯಾರಿಗೆ ಒದೀಬೇಕಿತ್ತು?’

ಗೆಳೆಯ ನಗುತ್ತಾ ಅನುವಾದಿಸಿದ. ನಾನೂ ನಕ್ಕೆ. ಕೆಳಗಿಳಿದು ತೊಂಗಿನ್ ಸಂತೆಯಲ್ಲಿ ಬಾಣಲೆಯ ಎಣ್ಣೆಯಲ್ಲಿ ಹೊರಳಿಸಿದ ಅಕ್ಕಿಕಡುಬಿನ ತುಂಡುಗಳನ್ನು ಕಡ್ಡಿಯಲ್ಲಿ ಚುಚ್ಚಿ ತಿನ್ನುತ್ತಿರುವಾಗ ಆ ಮಾತು ನಗೆಯದಲ್ಲ ಎಂದು ಹೊಳೆಯಿತು. ಬಾಣವನ್ನು ಒಬ್ಬನೇ ಬಿಡಬಹುದು. ಕೊಳಲನ್ನು ಒಬ್ಬನೇ ಊದಬಹುದು. ಕೊನೆಯ ಪೈಲ್ವಾನ ಏನು ಮಾಡುತ್ತಾನೆ?

ಒಂದು ಕಾಲಕ್ಕೆ ಈ ಕೇರಿಯ ತುಂಬ ಜೋಡಿಗಳಿದ್ದರು. ಅರಮನೆಯ ಪಡುವಣಕ್ಕಿರುವ ಈ ಭಾಗ ಮೇಲ್ಕೇರಿ. ಗುಮಾಸ್ತರು, ಕುಶಲಕರ್ಮಿಗಳು ಇದ್ದ ಜಾಗ. ನಗರದ ಮೂಡಣ ಬಾಗಿಲ ಕಡೆಯದು ಕೆಳಕೇರಿ. ಐದನೇ ತಿಂಗಳ ಐದನೇ ದಿನ, ತಾನೊ ಹಬ್ಬಕ್ಕೆ, ಮೇಲ್ಕೇರಿಗೂ ಕೆಳಕೇರಿಗೂ ಪಂದ್ಯ. ಮೊದಲು ಚಿಕ್ಕ ಹುಡುಗರು, ಆಮೇಲೆ ದೊಡ್ಡವರು. ಗೆದ್ದವನು ಸೋಲುವ ತನಕ ನಿಂತು ಎದುರಿಗೆ ಬಂದವರನ್ನೆಲ್ಲ ಆಡಿಸಬೇಕು. ಸೋಂಗ್ ಹುಡುಗನಾಗಿದ್ದಾಗ ಇಮ್ ಹೊ ಎಂಬ ಹಿರಿಯರ ಬಳಿ ಇದನ್ನು ಕಲಿತ. 1910ರಲ್ಲಿ ಜಪಾನ್ ದೇಶವನ್ನೇ ನುಂಗಿತು. ಕೇರಿಯ ಗಂಡಸರು ಗುಂಪುಗೂಡಿ ಕಾದಾಡುವ ಆಟವನ್ನು ಯಾವ ಪರಕೀಯ ಪೊಲೀಸ್ ತಾನೇ ಬಿಟ್ಟಾನು? ಸೋಂಗ್ ಫುಟ್‌ಬಾಲ್ ಆಡಿದ, ಬಿಲ್ಲು ಹಿಡಿದ. ಕಾಲಿನ ವಿದ್ಯೆ ಕಾಲಲ್ಲೇ ಉಳಿಯಿತು. 1958ರಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಎದುರು ಅದನ್ನು ಪ್ರದರ್ಶಿಸಿದಾಗ ಸೋಂಗ್ ಅವರಿಗೆ ಅರವತ್ತೈದರ ಸುಮಾರು.

ಮಾರನೆಯ ದಿನ ಚುಂಗ್ಜುವಿಗೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಒಂದರ ಹಿಂದೆ ಒಂದು ಗುಡ್ಡ, ನಡುವೆ ಕೊಯ್ಲಾದ ಗದ್ದೆ. ಗದ್ದೆಗಳಲ್ಲಿ ಬಿಳಿ ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ಉರುಳೆಗಳು ದೈತ್ಯನ ಮೊಟ್ಟೆಗಳಂತೆ ಬಿದ್ದಿದ್ದವು. ಊರು ಹತ್ತಿರವಾದಂತೆ ಸೇಬಿನ ತೋಟಗಳು. ಇಲ್ಲಿ ಬೀದಿ ಬದಿಗೂ ಸೇಬಿನ ಮರ ನೆಟ್ಟಿದ್ದಾರೆ, ಯಾರೂ ಕೀಳುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಊರಿನ ಹೋಲಿಕೆ ಬೇಡ.

ಊಟಕ್ಕೆ ಗೆಳೆಯ ಓಲ್ಗೆಂಗಿ ಸಾರು ಹೇಳಿದ. ಹೊಳೆಯ ಸಣ್ಣ ಶಂಖದ ಹುಳುಗಳನ್ನು ಕುದಿಸಿ, ಚಿಪ್ಪಿನಿಂದ ಒಂದೊಂದನ್ನೇ ಹೊರಗೆಳೆದು, ಸೋಯಾ ಹಿಂಡಿಯ ಸಾರಿಗೆ ಸೊಪ್ಪಿನ ಜೊತೆ ಹಾಕಿದ್ದು. ಬಣ್ಣ ಬಸಳೆಯ ಹಸಿರು. ಮೊದಲ ಚಮಚಕ್ಕೆ ಕೆರೆಯ ಪಾಚಿ, ಎರಡನೆಯದಕ್ಕೆ ಕಹಿ, ಮೂರನೆಯದರ ಹೊತ್ತಿಗೆ ಬಿಡಲಾಗದು. ಮಂಗಳೂರಿನಲ್ಲಿ ಮರುವಾಯಿ ತಿಂದು ಪಳಗಿದ ನಾಲಿಗೆಯಾದ್ದರಿಂದ ಮರ್ಯಾದೆ ಉಳಿಯಿತು. ಸಾರು ಬಂದದ್ದು ಅಗಲ ಬಾಯಿಯ ದೊಡ್ಡ ಬೋಗುಣಿಯಲ್ಲಿ. ಅದರ ಹೆಸರು ತೇಜೊಪ್. ಅತಿಥಿಗೆ ಮಾಡುವ ಉಪಚಾರಕ್ಕೂ ಅವರು ತೇಜೊಪ್ ಎನ್ನುತ್ತಾರೆ, ಎರಡೂ ಬೇರೆ ಬೇರೆ ಶಬ್ದ, ಉಲಿ ಮಾತ್ರ ಒಂದೇ ಎಂದು ಗೆಳೆಯ ವಿವರಿಸಿದ. ಇಂಥ ಜ್ಞಾನಗಳನ್ನು ಅವನು ಊಟದ ಹೊತ್ತಿನಲ್ಲೇ ಕೊಡುವುದು. ನಾನು ಬೋಗುಣಿ ಎತ್ತಿ ಕುಡಿದೆ.

ಚುಂಗ್ಜುವಿಗೆ ತೆಕ್ಕ್ಯೊನ್ ಬಂದದ್ದು ಶಿನ್ ಹಾನ್ ಸುಂಗ್ ಎಂಬ ಕುಸ್ತಿಪಟುವಿನ ಹಟದಿಂದ. 1970ರ ಸುಮಾರಿಗೆ ಅವರು ರಾಜಧಾನಿಗೆ ಹೋಗಿ ಎಪ್ಪತ್ತು ದಾಟಿದ ಸೋಂಗ್ ಅವರನ್ನು ಹಿಡಿದರು, ಇನ್ನೂ ಕೆಲವು ಮುದುಕರಿಂದ ತುಣುಕುಗಳನ್ನು ಆಯ್ದರು. ಸರ್ಕಾರದ ಮಾನ್ಯತೆ ಬೇಕೆಂದರೆ ವಿದ್ಯೆಗೊಂದು ಕ್ರಮ ಬೇಕು, ಪಾಠಪಟ್ಟಿ ಬೇಕು. ಶಿನ್ ಕೂತು ಹೆಜ್ಜೆಗಳನ್ನು ವಿಂಗಡಿಸಿದರು, ಹಂತಗಳನ್ನು ಮಾಡಿದರು. 1983ರ ಜೂನ್ 1ರಂದು ತೆಕ್ಕ್ಯೊನ್ ದಕ್ಷಿಣ ಕೊರಿಯಾದ 76ನೇ ಅಮೂರ್ತ ಪರಂಪರೆಯಾಗಿ ದಾಖಲಾಯಿತು. ಗುರು ಶಿಷ್ಯ ಇಬ್ಬರಿಗೂ ಮನ್ನಣೆ. ನಾಲ್ಕು ವರ್ಷವಾಯಿತೋ ಇಲ್ಲವೋ, 1987ರ ಜುಲೈನಲ್ಲಿ ಮೊದಲು ಶಿಷ್ಯ ಸತ್ತರು. ತಿಂಗಳು ತುಂಬುವುದರೊಳಗೆ ಗುರುವೂ ಹೋದರು. ಅವರಿಗೆ ತೊಂಬತ್ತನಾಲ್ಕು.

ಆಮೇಲಿನದು ನಾವೆಲ್ಲ ಬಲ್ಲ ಕಥೆಯೇ. ಮೂರು ನಾಲ್ಕು ಸಂಘಗಳು, ಎಲ್ಲಕ್ಕೂ ಒಬ್ಬನೇ ತಾತ. ಇವರದು ಕಲೆ, ಅವರದು ಕ್ರೀಡೆ, ಇನ್ನೊಬ್ಬರ ಪ್ರಕಾರ ತಾತನ ಕೈ ಇಷ್ಟು ಮೆತ್ತಗಿರಲೇ ಇಲ್ಲ. ನಾನು ಆ ಗೊಡವೆಗೆ ಹೋಗಲಿಲ್ಲ. ಮೈಸೂರಿನಲ್ಲಿ ಎರಡು ಗರಡಿಗಳು ಒಂದೇ ಉಸ್ತಾದರ ಪಟಕ್ಕೆ ಹಾರ ಹಾಕಿಕೊಂಡು ಪರಸ್ಪರ ಮಾತು ಬಿಟ್ಟದ್ದನ್ನು ಕಂಡವನು ನಾನು.

ತರಬೇತಿಯ ಹಜಾರದಲ್ಲಿ ಎರಡು ಚಿತ್ರಗಳು. ಒಂದು ಕೊಗುರ್ಯೊ ಕಾಲದ ಗೋರಿಯ ಗೋಡೆಚಿತ್ರದ ನಕಲು. ಇಂದು ಚೀನಾದ ಗಡಿಯೊಳಗಿರುವ ಜಿಯಾನ್‌ನದು, ಸುಮಾರು ಐದನೇ ಶತಮಾನದ್ದು. ಇಬ್ಬರು ಕೈಚಾಚಿ ಎದುರುಬದುರು ನಿಂತಿದ್ದಾರೆ. ಎರಡು ಸಾವಿರ ವರ್ಷದ ಲೆಕ್ಕ ಹುಟ್ಟುವುದು ಇಂಥ ಗೋಡೆಗಳಿಂದ. ಎದುರುಬದುರು ನಿಂತ ಇಬ್ಬರು ಗಂಡಸರು ಯಾವ ದೇಶದ ಯಾವ ಗೋಡೆಯಲ್ಲಿಲ್ಲ? ನಮ್ಮ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದವಿದೆ ಎಂದು ಇವತ್ತಿನ ಗರಡಿಗೆ 900 ವರ್ಷದ ಜಾತಕ ಬರೆದ ಹಾಗೆ. ಬರೆಯುವವರಿದ್ದಾರೆ, ಆ ಮಾತು ಬೇರೆ.

ಎರಡನೆಯ ಚಿತ್ರದ ಮುಂದೆ ಮಾತ್ರ ನಾನು ಬಹಳ ಹೊತ್ತು ನಿಂತೆ. ಯು ಸುಕ್ ಎಂಬ ಚಿತ್ರಕಾರನದು, 1846ರದೆಂದು ಹೇಳುವ ‘ತೇಕ್ವೇದೊ’. ಕೋಟೆಗೋಡೆಯ ಹೊರಗೆ ವಸಂತದ ಬಯಲು. ನಡುವೆ ಎರಡು ಜೋಡಿ: ಒಂದು ತೆಕ್ಕ್ಯೊನ್, ಒಂದು ಸ್ಸಿರುಮ್ ಕುಸ್ತಿ. ಸುತ್ತ ಚಕ್ಕಂಬಟ್ಟಲು ಹಾಕಿ ಕೂತ ಜನ, ನೆತ್ತಿಯ ಮೇಲೆ ಕಪ್ಪು ಟೋಪಿ. ಮಿಠಾಯಿ ಮಾರುವವನು, ಹೆಂಡ ಮಾರುವವನು. ತೆಕ್ಕ್ಯೊನ್ ಆಡುವ ಇಬ್ಬರ ಮುಖದಲ್ಲಿ ಕೋಪವಿಲ್ಲ. ಯುದ್ಧವಿದ್ಯೆಯ ವಂಶಾವಳಿ ಹುಡುಕಿ ಬಂದವನಿಗೆ ಸಿಕ್ಕಿದ್ದು ಜಾತ್ರೆ. 1798ರ ‘ಚೆಮುಲ್ಬೊ’ ಎಂಬ ಪದಕೋಶ ಹಳೆಯ ಕೈಕಾಳಗಗಳನ್ನು ವಿವರಿಸುವಾಗ ‘ಈಗಿನ ತಕ್‌ಕ್ಯೊನ್ ಇದ್ದ ಹಾಗೆ’ ಎಂದು ತಿಳಿಸಿ ಮುಂದೆ ಹೋಗುತ್ತದೆ. ಎಲ್ಲರಿಗೂ ಗೊತ್ತಿದ್ದದ್ದಕ್ಕೆ ವಿವರಣೆ ಯಾಕೆ? ಅಮೆರಿಕದ ಸ್ಟೂವರ್ಟ್ ಕುಲಿನ್ 1895ರಲ್ಲಿ ಇದನ್ನು ಸೇರಿಸಿದ್ದು ಕೊರಿಯಾದ ಆಟಗಳ ಪುಸ್ತಕದಲ್ಲಿ, ಗಾಳಿಪಟ ಬುಗುರಿಗಳ ಸಾಲಿನಲ್ಲಿ. ಇನ್ನು 1925ರಲ್ಲಿ ಅಚ್ಚಾದ ‘ಹೇದೊಂಗ್ ಜುಕ್ಜಿ’ ಹೇಳುವುದು ಕೇಳಿ: ಸಾಧಾರಣದವನು ಕಾಲಿಗೆ ಒದೆಯುತ್ತಾನೆ, ಬಲ್ಲವನು ಹೆಗಲಿಗೆ, ಹಾರಿ ಒದೆಯುವ ವಿದ್ಯೆ ಸಿದ್ಧಿಸಿದವನು ತಲೆಯ ಜುಟ್ಟನ್ನೇ ಉದುರಿಸುತ್ತಾನೆ. ಇದರಿಂದ ಹಗೆ ತೀರಿಸಿಕೊಳ್ಳುತ್ತಿದ್ದರಂತೆ, ಪಣ ಕಟ್ಟಿ ಇನ್ನೊಬ್ಬನ ಪ್ರೇಯಸಿಯನ್ನೂ ಗೆಲ್ಲುತ್ತಿದ್ದರಂತೆ, ಕೊನೆಗೆ ಅಧಿಕಾರಿಗಳು ನಿಷೇಧಿಸಿದರಂತೆ. ಯುನೆಸ್ಕೋ 2011ರಲ್ಲಿ ಕೊಟ್ಟ ಮಾನ್ಯತೆಯ ಬಗ್ಗೆ ಹೇಳುವಾಗ ಈ ಕೊನೆಯ ಭಾಗವನ್ನು ಯಾರೂ ಹೇಳುವುದಿಲ್ಲ. ಯುನೆಸ್ಕೋ ಪಟ್ಟಿಗೆ ಸೇರಿದ ಮೊದಲ ಸಮರಕಲೆ ನಮ್ಮದೇ ಎಂದೂ ಹೇಳುತ್ತಾರೆ; ಟರ್ಕಿಯ ಎಣ್ಣೆಕುಸ್ತಿಯ ಹಬ್ಬ ಅದರ ಹಿಂದಿನ ವರ್ಷವೇ ಸೇರಿತ್ತು ಎಂದು ನೆನಪಿಸುವ ಧೈರ್ಯ ಅತಿಥಿಯಾದ ನನಗೆ ಬರಲಿಲ್ಲ.

ಗುರುಗಳಿಗೆ ಅರವತ್ತರ ಆಸುಪಾಸು. ಬಿಳಿ ಹತ್ತಿಯ ದೊಗಳೆ ಬಟ್ಟೆ, ಬರಿಗಾಲು. ನನ್ನ ಹೊಟ್ಟೆಯನ್ನು ಒಮ್ಮೆ, ಮಂಡಿಯನ್ನು ಒಮ್ಮೆ ನೋಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಚುಕ್ಕೆ ಇಟ್ಟರು. ಪುಂಬಪ್ಕಿ. ಚೀನೀ ಲಿಪಿಯ ‘ಪುಮ್’ ಅಕ್ಷರ ಮೂರು ಪುಟ್ಟ ಚೌಕಗಳದು, ಮೇಲೊಂದು ಕೆಳಗೆರಡು. ಅದನ್ನು ತುಳಿಯುವುದೇ ಮೊದಲ ಪಾಠ, ಕೊನೆಯ ಪಾಠವೂ ಅದೇ. ಹಿಂದಿನ ಎರಡು ಚುಕ್ಕೆಯಲ್ಲಿ ಕಾಲು, ಒಂದು ಕಾಲು ಮುಂದಿನ ಚುಕ್ಕೆಗೆ ಹೋಗಿ ಬರಬೇಕು, ಪ್ರತಿ ಸಲ ಮಂಡಿ ಕುಸಿಯಬೇಕು. ನಾನು ಒಂದು, ಎರಡು, ಮೂರು ಎಣಿಸಿ ಎಡವಿದೆ. ಆಮೇಲೆ ಎಣಿಕೆ ಬಿಟ್ಟು ಮನಸ್ಸಿನಲ್ಲೇ ‘ತಕಿಟ, ತಕಿಟ’ ಎಂದುಕೊಂಡೆ. ಕಾಲಿಗೆ ದಾರಿ ಸಿಕ್ಕಿತು. ಅವರದು ತಿಶ್ರ ನಡೆಯ ನಾಡು. ಅವರ ಹಾಡುಗಳ ಹೆಜ್ಜೆಯೂ ಮೂರರದೇ. ಗುರುಗಳು ಮೊದಲ ಸಲ ತಲೆದೂಗಿದರು. ನಾನು ತಕಿಟವನ್ನು ಜೋರಾಗಿ ಹೇಳಿ ತೋರಿಸಿದೆ. ಅಲ್ಲಿದ್ದ ನಾಲ್ಕು ಮಕ್ಕಳು ಹತ್ತು ನಿಮಿಷ ‘ತಕಿಟ’ ಎಂದುಕೊಂಡೇ ಹಾರಿದರು.

ಅವರ ಕೂಗೂ ವಿಚಿತ್ರ. ‘ಇಕ್ಕು!’, ‘ಎಕ್ಕು!’ ಸಿಂಹಗರ್ಜನೆಯಲ್ಲ, ಕಾಲು ಜಾರಿದಾಗ, ಕೈಯ ಲೋಟ ಬಿದ್ದಾಗ ಕೊರಿಯಾದವರ ಬಾಯಿಂದ ಬರುವ ಉದ್ಗಾರ. ನಮ್ಮ ‘ಅರೆರೆ’. ‘ಅರೆರೆ’ ಎನ್ನುತ್ತಾ ಒದೆಯುವ ವಿದ್ಯೆ ಜಗತ್ತಿನಲ್ಲಿ ಇನ್ನೆಲ್ಲಿದೆಯೋ ಕಾಣೆ. ಒದೆಯೂ ಅಷ್ಟೇ, ಜಾಡಿಸುವುದಲ್ಲ, ಪಾದದಿಂದ ನೂಕುವುದು. ಎದುರಾಳಿಯನ್ನು ಬೀಳಿಸಿದರೆ ಗೆಲುವು, ಮುಖಕ್ಕೆ ಪಾದ ಮುಟ್ಟಿಸಿದರೂ ಗೆಲುವು. ಎಲುಬು ಮುರಿದರೆ ನಾಳೆ ಆಡಲು ಯಾರು ಬರುತ್ತಾರೆ ಎಂದು ಗುರುಗಳು ಕೇಳಿದರು.

ಆಮೇಲೆ ನನ್ನನ್ನು ಒಂಬತ್ತು ವರ್ಷದ ಹುಡುಗಿಯೊಬ್ಬಳ ಎದುರಿಗೆ ನಿಲ್ಲಿಸಿದರು. ನಾನು ಹುಷಾರಾಗಿ ಎರಡು ಕಾಲನ್ನೂ ಹಿಂದಿಟ್ಟುಕೊಂಡೆ. ಆಟ ನಿಂತಿತು. ಹಾಗೆ ನಿಲ್ಲುವಂತಿಲ್ಲ. ಒಂದು ಕಾಲನ್ನು ಎದುರಾಳಿಗೆ ಎಟಕುವ ಹಾಗೆ ಮುಂದಿಡಬೇಕು, ಇಟ್ಟು ಆಡಬೇಕು. ಅವಳಿಗೆ ಕೊಡಬೇಕು. ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿದೆ. ‘ತೇಜೊಪ್.’

ನಾನು ಗೆಳೆಯನ ಮುಖ ನೋಡಿದೆ. ‘ಬೋಗುಣಿಯಲ್ಲ, ಇನ್ನೊಂದು’ ಎಂದ.

ಬಡಿಸಿದ ಕಾಲನ್ನು ಹುಡುಗಿ ಕೂಡಲೇ ಸ್ವೀಕರಿಸಿದಳು. ಹಿಮ್ಮಡಿಗೆ ಅವಳ ಪಾದ ತಾಕಿದ್ದು ಗೊತ್ತು, ಚಾವಣಿಯ ದೀಪ ಕಂಡದ್ದು ಗೊತ್ತು. ‘ಎಕ್ಕು’ ಎಂದದ್ದು ಅವಳೋ ನಾನೋ ತಿಳಿಯಲಿಲ್ಲ. ಅಮ್ಮ ಊರಿನ ಹೆಸರಿನ ಬಗ್ಗೆ ಎಚ್ಚರಿಸಿದ್ದಳು. ಸೋಲು ಇನ್ನೂ ನೂರು ಕಿಲೋಮೀಟರಿನಷ್ಟು ಈಚೆಗೇ ಕಾದಿತ್ತು.

ಬಾರ್ಲಿ ಚಹಾ ಕುಡಿಯುವಾಗ ಗುರುಗಳಿಗೆ ನನ್ನ ಅಜ್ಜನ ವಿಷಯ ಹೇಳಿದೆ. ಗರಡಿಯ ಕೆಮ್ಮಣ್ಣಿಗೆ ತುಪ್ಪ, ಮಜ್ಜಿಗೆ ಬೆರೆಸಿ ಹದ ಮಾಡುವುದನ್ನು ಹೇಳಿದೆ. ಆ ದಿನ ವಿಜಯದಶಮಿ; ನಾವು ಚಹಾ ಕುಡಿಯುತ್ತಿದ್ದ ಹೊತ್ತಿಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಜಟ್ಟಿಗಳು ತಲೆ ಬೋಳಿಸಿಕೊಂಡು ಸಿದ್ಧರಾಗುತ್ತಿರಬೇಕು, ನೆತ್ತರಿನ ಮೊದಲ ಹನಿ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ, ಒಂದೆರಡು ನಿಮಿಷ ಆದರೆ ಹೆಚ್ಚು, ಆಮೇಲೆ ಮುಂದಿನ ದಸರಾದವರೆಗೆ ಇಲ್ಲ ಎಂದೆ. ಗೆಳೆಯ ಈ ಸಲ ಏನನ್ನೂ ಬಿಡದೆ ಅನುವಾದಿಸಿದ. ಗುರುಗಳು ಕೇಳಿಸಿಕೊಂಡರು. ಎಷ್ಟು ವರ್ಷ ಹಳೆಯದು ಎಂದು ಕೇಳಲಿಲ್ಲ. ಅವರು ಕೇಳಿದ್ದು: ‘ನಿಮ್ಮ ಅಜ್ಜನ ಎದುರಿಗೆ ಕೊನೆಗೆ ನಿಂತವರು ಯಾರು?’

ನನಗೆ ಗೊತ್ತಿರಲಿಲ್ಲ.

ಸಂಜೆ ತಾಂಗುಮ್‌ದೆ ಗುಡ್ಡಕ್ಕೆ ಹೋದೆವು. ಆರನೇ ಶತಮಾನದಲ್ಲಿ ಉರುಕ್ ಎಂಬ ವೈಣಿಕ ಇಲ್ಲಿ ಕೂತು ಕಾಯಗುಮ್ ನುಡಿಸಿದ್ದನಂತೆ. 1592ರಲ್ಲಿ ಜಪಾನೀ ಸೈನ್ಯದೆದುರು ಸೋತ ಸೇನಾಪತಿ ಶಿನ್ ರಿಪ್ ಇಲ್ಲಿಂದಲೇ ಹೊಳೆಗೆ ಹಾರಿದ. ಕಾದ ಬಿಲ್ಲಿನ ಹೆದೆಯನ್ನು ತಣಿಸಲು ಹನ್ನೆರಡು ಸಲ ಬಂಡೆಯಿಳಿದು ನೀರಿಗೆ ಹೋಗಿ ಬಂದನೆಂದು ಕಥೆ. ಕೆಳಗೆ ನಾಮ್‌ಹಾನ್ ಹೊಳೆ ಸದ್ದಿಲ್ಲದೆ ತಿರುಗುತ್ತಿತ್ತು. ಇದು ಇಲ್ಲಿಂದ ಇಳಿದು ಸೋಲ್ ನಗರದ ನಡುವೆ ಹರಿಯುವ ಹಾನ್ ಆಗುತ್ತದೆ. ತೆಕ್ಕ್ಯೊನ್ ಮಾತ್ರ ಹೊಳೆಗೆ ಎದುರಾಗಿ ಹತ್ತಿ ಬಂದಿತ್ತು. ಮೂಲ ಹುಡುಕಲು ನಾನು ಯಾವ ದಿಕ್ಕಿಗೆ ನೋಡಬೇಕೋ ತಿಳಿಯದೆ ಸೇಬು ಕಚ್ಚುತ್ತಾ ನಿಂತೆ. ಬೆಳಿಗ್ಗೆ ಸೊಂಟ ಏಳಲಿಲ್ಲ ಎಂಬುದನ್ನು ಬಿಟ್ಟರೆ ಆ ಪ್ರಯಾಣದಲ್ಲಿ ಇನ್ನು ಹೇಳುವಂಥದ್ದೇನಿಲ್ಲ.

ಊರಿಗೆ ಬಂದ ಮೇಲೂ ಅಮ್ಮನನ್ನು ಕೇಳಲು ಹಿಂಜರಿದೆ. ಅಜ್ಜ ಸಾಯುವಾಗ ನನಗೆ ಹದಿನಾಲ್ಕು. ಸಾಯಂಕಾಲ ಜಗಲಿಯಲ್ಲಿ ‘ಬಾರೋ, ಕೈ ಕೊಡು’ ಎಂದು ಕರೆಯುತ್ತಿದ್ದದ್ದು, ನಾನು ಕ್ರಿಕೆಟ್ ಬ್ಯಾಟು ಹಿಡಿದು ಹಿತ್ತಲ ಬಾಗಿಲಿನಿಂದ ಓಡುತ್ತಿದ್ದದ್ದು ನೆನಪಿದೆ. ಮೊನ್ನೆ ಹಾಲಿನ ಬೂತಿನಿಂದ ಬಂದವನೇ ಫೋನು ಮಾಡಿದೆ.

‘ಕೊನೆಗೆ ಯಾರಿದ್ರು?’ ಅಮ್ಮ ಸ್ವಲ್ಪ ಯೋಚಿಸಿದಳು. ‘ಜೊತೆಯವರೆಲ್ಲ ಮೊದಲೇ ಹೋಗಿದ್ರು. ತೊಟ್ಟಿ ಕಂಬ ಇತ್ತಲ್ಲ, ಹಲಸಿನ ಮರದ್ದು, ಅದಕ್ಕೇ ಭುಜ ಕೊಡ್ತಿದ್ರು. ದಿನಾ ಬೆಳಿಗ್ಗೆ, ಎಣ್ಣೆ ಹಚ್ಚಿಕೊಂಡು. ಅಡುಗೆಮನೆಗೆ ಸದ್ದು ಕೇಳೋದು.’

ಆ ಕಂಬ ಈಗಲೂ ಇದೆಯಲ್ಲ ಎಂದೆ.

‘ಇದೆ. ಎಷ್ಟು ಸಲ ಬಣ್ಣ ಹೊಡೆಸಿದ್ರೂ ಆ ಎತ್ತರದಲ್ಲಿ ಮಾತ್ರ ಹಿಡಿಯಲ್ಲ ಕಣೋ, ಪೇಂಟಿನವನು ಪ್ರತಿ ಸಲ ಬೈತಾನೆ’ ಎಂದಳು.